ರಿಮ್ ಇರುವ ತೊಟ್ಟಿಗೆ ಓವರ್‌ಫ್ಲೋ ಬಾಕ್ಸ್: ತೂಗುಹಾಕೋದಾ, ಗಾಜು ಕೊರೆಯೋದಾ?

ಕೆರೆಮೀನು

ಮೀನಿನ ತೊಟ್ಟಿ 120 ಸೆಂ.ಮೀ. ಉದ್ದ, 45 ಅಗಲ, 50 ಎತ್ತರ. ಮೇಲೂ ಕೆಳಗೂ ಕಪ್ಪು ಪ್ಲಾಸ್ಟಿಕ್ ರಿಮ್, ಮೇಲ್ಗಡೆ ನಟ್ಟನಡುವೆ ಒಂದು ಅಡ್ಡಪಟ್ಟಿ. ಇಷ್ಟು ದಿನ ಕ್ಯಾನಿಸ್ಟರ್ ಫಿಲ್ಟರ್‌ನಲ್ಲೇ ನಡೀತಿತ್ತು. ಈಗ ಕೆಳಗೆ ಸಂಪ್ (ತೊಟ್ಟಿಯ ನೀರು ಇಳಿದು, ಸೋಸಿ, ಪಂಪಿನಿಂದ ಮತ್ತೆ ಮೇಲೆ ಹೋಗೋ ಎರಡನೇ ತೊಟ್ಟಿ) ಇಡೋಣ ಅಂತಿದೀನಿ. ಹೀಟರು, ಮೀಡಿಯಾ ಎಲ್ಲ ಕಣ್ಣಿಗೆ ಬೀಳದ ಹಾಗೆ ಕೆಳಗೆ ಹೋಗ್ಲಿ, ನೀರಿನ ಮೇಲೆ ಕಟ್ಟೋ ಎಣ್ಣೆಯಂಥ ಪೊರೆಯೂ ಹೋಗ್ಲಿ ಅನ್ನೋದು ಆಸೆ. ಮೀನುಗಳು ಸದ್ಯಕ್ಕೆ ಬೇರೆ ತೊಟ್ಟಿಯಲ್ಲಿವೆ, ಇದು ಖಾಲಿ.

ತೊಡಕು ರಿಮ್‌ದು. ಮೇಲಿನ ನೀರನ್ನು ಸಂಪ್‌ಗೆ ಇಳಿಸೋಕೆ ಓವರ್‌ಫ್ಲೋ ಬಾಕ್ಸ್ ಬೇಕು, ಗಾಜಿನ ಅಂಚಿಗೆ ತೂಗುಹಾಕುವ ಬಾಕ್ಸ್ ಒಂದನ್ನು ಇಟ್ಟು ನೋಡಿದೆ. ಗಾಜು ಎಷ್ಟೇ ತೆಳುವಿದ್ರೂ ರಿಮ್ ಸೇರಿ ದಪ್ಪ ಸುಮಾರು 25 ಮಿ.ಮೀ. ಆಗುತ್ತೆ, ಬಾಕ್ಸಿನ ಕೊಕ್ಕೆಯ ಬಾಯಿ ಅದಕ್ಕಿಂತ ಚಿಕ್ಕದು. ಒತ್ತಿ ಕೂರಿಸಿದ್ರೆ ಹೊರಗಿನ ಡಬ್ಬಿ ಕೆಳಗಡೆ ಗಾಜಿನಿಂದ ದೂರ ನಿಂತು ಇಡೀ ಬಾಕ್ಸ್ ವಾಲುತ್ತೆ. ರಿಮ್‌ನಲ್ಲಿ ಬಾಕ್ಸಿನಷ್ಟೇ ಅಗಲಕ್ಕೆ ಒಂದು ಕಚ್ಚು ತೆಗೆದುಬಿಡ್ಲಾ? ಅಥವಾ ಹಿಂದಿನ ಗಾಜನ್ನೇ ಕೊರೆಯೋದು ಒಳ್ಳೇದಾ?

ಗಾಜುಗಣ್ಣ

ಮೊದಲು ಗರಗಸ ಕೆಳಗಿಡಿ. ರಿಮ್ ನೋಡೋಕೆ ಒಂದೇ ಪ್ಲಾಸ್ಟಿಕ್ ತುಂಡಾದ್ರೂ ಅದರ ಎರಡು ಭಾಗಕ್ಕೆ ಎರಡು ಬೇರೆ ಕೆಲಸ. ಹೊರಗಿನ ಪಟ್ಟಿ ನಾಲ್ಕೂ ಗಾಜನ್ನು ಸುತ್ತ ಬಿಗಿದು ಹಿಡಿದಿರುತ್ತೆ. ಒಳಗಡೆ ಚಾಚಿಕೊಂಡಿರುವ ಅಂಚು ಮುಚ್ಚಳ ಕೂರಲಿ ಅಂತ ಮಾಡಿದ್ದು. ಒಳಗಿನ ಅಂಚನ್ನು ಬಾಕ್ಸಿನ ಅಗಲಕ್ಕೆ ಕೆರೆದು ತೆಗೆದರೆ ದೊಡ್ಡ ನಷ್ಟವಿಲ್ಲ. ಹೊರಗಿನ ಪಟ್ಟಿಯನ್ನು ಮಾತ್ರ ತುಂಡು ಮಾಡಬೇಡಿ.

ಲೆಕ್ಕ ಬೇಕಾದ್ರೆ ನೋಡಿ: 50 ಸೆಂ.ಮೀ. ನೀರು ನಿಂತಾಗ 120 ಸೆಂ.ಮೀ. ಉದ್ದದ ಗಾಜಿನ ಮೇಲೆ ಬೀಳುವ ಒಟ್ಟು ತಳ್ಳು ಸುಮಾರು 150 ಕೆ.ಜಿ. ಭಾರಕ್ಕೆ ಸಮ. ತೊಟ್ಟಿಯ ಅಗಲ 45 ಇರಲಿ, 90 ಇರಲಿ, ಈ ಅಂಕಿ ಬದಲಾಗಲ್ಲ. ಆಳ ಮತ್ತು ಉದ್ದವೇ ಅದನ್ನು ತೀರ್ಮಾನಿಸೋದು. ಆ ತಳ್ಳಿಗೆ ಗಾಜು ಅತಿ ಹೆಚ್ಚು ಉಬ್ಬೋದು ಉದ್ದದ ನಡುವೆ, ಮೇಲ್ತುದಿಯಲ್ಲಿ. ನಿಮ್ಮ ಅಡ್ಡಪಟ್ಟಿ ಅಲ್ಲಿ ಸುಮ್ಮನೆ ಇಲ್ಲ. ರಿಮ್ ಹಾಕುವ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಗಾಜು ತೆಳುವಾಗಿರುತ್ತೆ, ಯಾಕಂದ್ರೆ ತಯಾರಕರು ಆ ಬಲವನ್ನು ರಿಮ್‌ಗೆ ಒಪ್ಪಿಸಿರ್ತಾರೆ. ಅದನ್ನು ಕತ್ತರಿಸಿದ ದಿನ ಏನೂ ಆಗದೇ ಇರಬಹುದು. ಮೂಲೆಯ ಸಿಲಿಕೋನ್ ಜೋಡಣೆ ಮೇಲೆ ದಿನಾ ಎಳೆತ ಬೀಳ್ತಾ ಇರುತ್ತಲ್ಲ, ಭಯ ಅದರದ್ದು.

ಹನಿಹನಿ

ಎಲ್ಲರೂ ಕೊರೆಯೋಕೆ ಅವಸರ ಮಾಡಬೇಡಿ. ತೂಗುಹಾಕುವ ಬಾಕ್ಸ್‌ಗಳಲ್ಲಿ ರಿಮ್‌ಗಂತಲೇ ಅಗಲ ಬಾಯಿಯವು ಬರ್ತವೆ. 30-35 ಮಿ.ಮೀ. ಬಾಯಿ ಇರೋದು ಹುಡುಕಿ. ಹೊರಗಿನ ಡಬ್ಬಿಯ ಕೆಳಗೆ ಎರಡು ಪ್ಲಾಸ್ಟಿಕ್ ತಿರುಪು ಇರುತ್ತೆ, ಅವು ಗಾಜಿಗೆ ತಾಗಿ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸ್ತವೆ. ತಿರುಪು ಗಿಡ್ಡ ಆದ್ರೆ ಗಾಜಿಗೂ ತಿರುಪಿಗೂ ನಡುವೆ ಅಕ್ರಿಲಿಕ್ ತುಂಡು ಕೊಡಿ. ಮಟ್ಟಗೋಲು ಇಟ್ಟು ನೋಡಿ, ಎರಡೂ ದಿಕ್ಕಿಗೆ. ಬಾಚಣಿಗೆಯ (ಬಾಕ್ಸಿನ ಅಂಚಿನಲ್ಲಿರೋ ಹಲ್ಲಿನ ಪಟ್ಟಿ, ಅದರ ಸಂದಿಯಿಂದಲೇ ನೀರು ಒಳಗೆ ಬೀಳೋದು) ಒಂದು ತುದಿ 3 ಮಿ.ಮೀ. ಎತ್ತರ ಆದ್ರೂ ಹೆಚ್ಚಿನ ನೀರು ಇನ್ನೊಂದು ತುದಿಯಿಂದ ಬೀಳುತ್ತೆ.

ಕೆಲಸ ಮಾಡೋ ರೀತಿ ಸರಳ. ಒಳಗೊಂದು ಡಬ್ಬಿ, ಹೊರಗೊಂದು ಡಬ್ಬಿ, ರಿಮ್ ದಾಟಿಸೋಕೆ ತಲೆಕೆಳಗಾದ ಯು ಟ್ಯೂಬ್. ಅದರೊಳಗೆ ತುಂಬಿದ ನೀರು ತಾನಾಗಿ ಎಳೆದುಕೊಂಡು ಹರಿಯೋದೇ ಸೈಫನ್. ಟ್ಯೂಬಿನ ಎರಡೂ ತುದಿ ಸದಾ ನೀರಲ್ಲೇ ಮುಳುಗಿರೋದ್ರಿಂದ ಕರೆಂಟ್ ಹೋದ್ರೂ ಸೈಫನ್ ಒಡೆಯಲ್ಲ. ಬಂದಾಗ ತಾನಾಗಿ ಮತ್ತೆ ಹರಿಯುತ್ತೆ. 25 ಮಿ.ಮೀ. ಟ್ಯೂಬು ಗಂಟೆಗೆ ಸುಮಾರು 2000 ಲೀಟರ್ ತೆಗೆದುಕೊಳ್ಳುತ್ತೆ. ನಿಮ್ಮ ತೊಟ್ಟಿಗೆ ಧಾರಾಳ.

ಸೈಫನ್‌ವೈರಿ

> ಕರೆಂಟ್ ಹೋದ್ರೂ ಸೈಫನ್ ಒಡೆಯಲ್ಲ

ಕರೆಂಟ್ ಹೋದಾಗ ಒಡೆಯಲ್ಲ, ಒಪ್ಪಿದೆ. ಕರೆಂಟ್ ಇರುವಾಗಲೇ ಒಡೆಯುತ್ತೆ. ಬಾಚಣಿಗೆಯಿಂದ ಬೀಳುವ ನೀರಿನ ಜೊತೆ ಗುಳ್ಳೆ ಹೋಗುತ್ತೆ. ಟ್ಯೂಬಿನಲ್ಲಿ ಹರಿವು ಜೋರಾಗಿದ್ರೆ ಗುಳ್ಳೆಯನ್ನು ಎಳೆದುಕೊಂಡು ಹೋಗಿಬಿಡುತ್ತೆ. ಹರಿವು ನಿಧಾನ ಆದ್ರೆ ಗುಳ್ಳೆಗಳು ಮೇಲಿನ ಬಾಗಿನಲ್ಲಿ ನಿಂತು ಒಂದಕ್ಕೊಂದು ಸೇರಿ ದೊಡ್ಡದಾಗ್ತವೆ. ಒಂದು ದಿನ ಆ ಗಾಳಿ ಟ್ಯೂಬಿನ ಅಡ್ಡಗಲವನ್ನೇ ತುಂಬಿ ಸೈಫನ್ ಕಡಿದುಬಿಡುತ್ತೆ. ಕೆಳಗಿನ ಪಂಪಿಗೆ ಇದು ಗೊತ್ತಾಗಬೇಕಲ್ಲ? ಅದು ಸಂಪ್‌ನ ನೀರನ್ನು ಮೇಲೆ ಎತ್ತುತ್ತಲೇ ಇರುತ್ತೆ, ತೊಟ್ಟಿ ತುಂಬಿ ನೆಲಕ್ಕೆ.

ಇನ್ನೊಂದು ವಿಚಿತ್ರ ಗಮನಿಸಿ. ಹೆಚ್ಚು ಸುರಕ್ಷೆ ಅಂತ ಜನ ಎರಡು ಯು ಟ್ಯೂಬ್ ಹಾಕ್ತಾರೆ. ಹರಿವು ಇಬ್ಭಾಗ ಆಗಿ ಎರಡರಲ್ಲೂ ವೇಗ ಇಳಿಯುತ್ತೆ, ಎರಡರಲ್ಲೂ ಗುಳ್ಳೆ ನಿಲ್ಲುತ್ತೆ. ಬಾಗಿನಿಂದ ಗಾಳಿ ಹೀರೋಕೆ ಪುಟ್ಟ ಪಂಪ್ ಜೋಡಿಸುವ ಮಾದರಿಗಳೂ ಇವೆ. ಆಗ ಮನೆ ನೆಲದ ಭವಿಷ್ಯ ಆ ಪುಟ್ಟ ಪಂಪಿನ ಕೈಯಲ್ಲಿ.

ಹನಿಹನಿ

ಸೈಫನ್‌ವೈರಿಯವರೇ, ನಿಮ್ಮ ಹೆಸರು ನೋಡಿದಾಗಲೇ ಉತ್ತರ ಗೊತ್ತಾಯ್ತು 🙂 ಹರಿವಿಗೆ ತಕ್ಕ ಅಳತೆಯ ಒಂದೇ ಟ್ಯೂಬ್, ಪಾರದರ್ಶಕದ್ದು, ವಾರಕ್ಕೊಮ್ಮೆ ಬಾಗಿನ ಕಡೆ ಒಂದು ಕಣ್ಣು. ಗಾಳಿ ಕಂಡ್ರೆ ಹೀರಿ ತೆಗೆಯಿರಿ. ಪಾಚಿ ಕಟ್ಟದ ಹಾಗೆ ಬೆಳಕಿನಿಂದ ಮರೆ ಮಾಡಿ. ಬ್ರಷ್ ಹಾಕಿ ಉಜ್ಜಿ. ಬಾಡಿಗೆ ಮನೆಯಲ್ಲಿ, ನಾಳೆ ತೊಟ್ಟಿ ಮಾರಬೇಕು ಅನ್ನೋರಿಗೆ, ಟೆಂಪರ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಿನವರಿಗೆ ಬೇರೆ ದಾರಿ ಏನಿದೆ?

ಗಾಜುಗಣ್ಣ

ಟೆಂಪರ್ಡ್ ಮಾತು ಬಂತು, ಒಳ್ಳೇದಾಯ್ತು. ಕೆರೆಮೀನು, ಕೊರೆಯೋ ಯೋಚನೆ ಇದ್ರೆ ಮೊದಲ ಕೆಲಸ ಅದೇ. ಟೆಂಪರ್ಡ್ ಗಾಜಿಗೆ ಡ್ರಿಲ್ ತಾಗಿಸಿದ್ರೆ ತೂತು ಆಗಲ್ಲ, ಇಡೀ ಗಾಜು ಪುಡಿಯಾಗಿ ಉದುರುತ್ತೆ. ಕಾರ್ಖಾನೆ ತೊಟ್ಟಿಗಳಲ್ಲಿ ತಳ ಟೆಂಪರ್ಡ್ ಇರೋದು ಮಾಮೂಲು. ಬದಿಗಳು ಎಷ್ಟೋ ಸಲ ಸಾದಾ, ಆದ್ರೆ ನಂಬಿಕೆ ಮೇಲೆ ಡ್ರಿಲ್ ಹಿಡೀಬೇಡಿ.

ಪರೀಕ್ಷೆ ಹೀಗೆ. ಎಲ್‌ಸಿಡಿ ಪರದೆಯ ಲ್ಯಾಪ್‌ಟಾಪ್‌ನಲ್ಲಿ ಬಿಳಿ ಪುಟ ತೆರೆದು ಖಾಲಿ ತೊಟ್ಟಿಯ ಒಳಗೆ, ಹಿಂದಿನ ಗಾಜಿಗೆ ಮುಖ ಮಾಡಿ ಇಡಿ. ನೀವು ತೊಟ್ಟಿಯ ಹಿಂದೆ ನಿಂತು ಪೋಲರೈಸ್ಡ್ ತಂಪುಕನ್ನಡಕದಿಂದ ನೋಡಿ. ಕನ್ನಡಕವನ್ನು ನಿಧಾನ ತಿರುಗಿಸ್ತಾ ಹೋದ್ರೆ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತೆ. ಸಾದಾ ಗಾಜಾದ್ರೆ ಸಮನಾಗಿ ಕಪ್ಪು. ಟೆಂಪರ್ಡ್ ಆದ್ರೆ ಬೆಳಕು-ನೆರಳಿನ ಪಟ್ಟೆ, ಮಚ್ಚೆ ಕಾಣ್ತವೆ, ಅಂಚಿನ ಹತ್ತಿರ ಜಾಸ್ತಿ. ಲ್ಯಾಪ್‌ಟಾಪನ್ನು ತೊಟ್ಟಿಯ ಹೊರಗಿಟ್ಟು ನೋಡಿದ್ರೆ ಎರಡು ಗಾಜು ಅಡ್ಡ ಬಂದು ಯಾವುದರ ಮಚ್ಚೆ ಯಾವುದು ಅಂತ ಗೊಂದಲ ಆಗುತ್ತೆ. ಅದಕ್ಕೇ ಒಳಗೆ ಇಡಿ ಅಂದಿದ್ದು.

ಕೆರೆಮೀನು

ನೋಡಿದೆ. ಹಿಂದಿನದೂ ಪಕ್ಕದವೂ ಸಮನಾಗಿ ಕಪ್ಪಾದವು. ತಳದಲ್ಲಿ ಮಾತ್ರ ಪಟ್ಟೆ ಪಟ್ಟೆ. ಎಷ್ಟು ಸ್ಪಷ್ಟವಾಗಿ ಕಾಣುತ್ತೆ ಅಂದ್ರೆ ಅನುಮಾನಕ್ಕೇ ಜಾಗ ಇಲ್ಲ.

ಅಂದ್ರೆ ಹಿಂದಿನ ಗಾಜು ಕೊರೆಯಬಹುದು. ಒಳಗೆ ತೆಳ್ಳನೆ ಡಬ್ಬಿ, ಹೊರಗೆ ದೊಡ್ಡ ಡಬ್ಬಿ, ನಡುವೆ ಬಲ್ಕ್‌ಹೆಡ್ (ಗಾಜಿನ ತೂತಿನಲ್ಲಿ ಕೂರೋ ತಿರುಪಿನ ಪೈಪ್ ಜೋಡಣೆ) ಇರೋ ಮಾದರಿ ಕಡೆ ಮನಸ್ಸು ವಾಲ್ತಿದೆ. ಒಳಗಿನ ಡಬ್ಬಿ 25 ಸೆಂ.ಮೀ. ಅಗಲ. ಅದನ್ನ ಎಷ್ಟು ಎತ್ತರದಲ್ಲಿ ಕೂರಿಸಬೇಕು? ನೀರಿನ ಗೆರೆ ರಿಮ್ ಹಿಂದೆ ಮರೆಯಾಗಿದ್ರೆ ಚಂದ.

ಅಳತೆಪಟ್ಟಿ

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ತೂಗುಹಾಕೋದೋ ಕೊರೆಯೋದೋ ಅನ್ನೋ ಜಗಳಕ್ಕಿಂತ ಈ ಪ್ರಶ್ನೆ ದೊಡ್ಡದು. ಬಾಚಣಿಗೆಯ ಮಟ್ಟದಿಂದ ಗಾಜಿನ ಮೇಲ್ತುದಿವರೆಗೆ ಎಷ್ಟು ಮಿಲಿಮೀಟರ್ ಉಳಿಸ್ತೀರಿ ಅನ್ನೋದರ ಮೇಲೆ ಮಿಕ್ಕಿದ್ದೆಲ್ಲ ನಿಂತಿದೆ. ರಿಮ್ ಇರೋ ತೊಟ್ಟಿಯಲ್ಲಿ ಆ ಗೆರೆ ಮರೆಯಲ್ಲಿರೋದ್ರಿಂದ ಯಾರೂ ಅಳೆಯಲ್ಲ.

ಎಣಿಸೋಣ. ನಿಮ್ಮದು ಸುಮಾರು 270 ಲೀಟರ್. ಗಂಟೆಗೆ ಐದು ಪಟ್ಟು ಹರಿವು ಸಾಕು, ಅಂದ್ರೆ 1350 ಲೀಟರ್. ಪಂಪಿನ ಡಬ್ಬದ ಮೇಲೆ ಬರೆದ ಅಂಕಿ ಅಲ್ಲ ಇದು, ಎತ್ತರಕ್ಕೆ ಎತ್ತಿದ ಮೇಲೆ ನಿಜವಾಗಿ ಬರುವಷ್ಟು. ಬಾಚಣಿಗೆ 25 ಸೆಂ.ಮೀ. ಅಂದ್ರೂ ಅರ್ಧ ಜಾಗ ಹಲ್ಲುಗಳದ್ದೇ, ನೀರು ಹೋಗೋಕೆ ಉಳಿಯೋದು 12.5 ಸೆಂ.ಮೀ. ಕಟ್ಟೆ ಮೇಲಿಂದ ಹರಿಯುವ ನೀರಿನ ಸೂತ್ರ ಹಾಕಿದ್ರೆ ಅಷ್ಟು ಹರಿವಿಗೆ ನೀರು ಬಾಚಣಿಗೆಯ ತಳಕ್ಕಿಂತ ಸುಮಾರು 14 ಮಿ.ಮೀ. ಎತ್ತರ ನಿಲ್ಲುತ್ತೆ. ಹಲ್ಲಿನಲ್ಲಿ ಎಲೆ, ಪಾಚಿ ಸಿಕ್ಕರೆ ಇನ್ನೂ ಮೇಲೆ.

ಬಾಚಣಿಗೆಯ ತಳವನ್ನು ಗಾಜಿನ ಮೇಲ್ತುದಿಯಿಂದ 35 ಮಿ.ಮೀ. ಕೆಳಗೆ ಇಟ್ಟರೆ ಓಡುವ ನೀರಿನ ಮಟ್ಟ ಮೇಲಿಂದ ಸುಮಾರು 20 ಮಿ.ಮೀ. ನಿಮ್ಮ ರಿಮ್ ಎಷ್ಟು ಕೆಳಗೆ ಇಳಿದಿದೆ? ಸಾಧಾರಣ 25-30 ಇರುತ್ತೆ, ಆದ್ದರಿಂದ ನೀರಿನ ಗೆರೆ ಮರೆಯಾಯ್ತು. ಚಂದದ ಭಾಗ ಮುಗೀತು.

ಈಗ ಚಂದವಿಲ್ಲದ ಭಾಗ. ಇಳಿಯುವ ಪೈಪು ಪೂರ್ತಿ ಕಟ್ಟಿಕೊಳ್ತು ಅಂದುಕೊಳ್ಳಿ. ಮೇಲೆ ಉಳಿದಿರೋದು 20 ಮಿ.ಮೀ. 120×45 ಸೆಂ.ಮೀ. ಮೇಲ್ಮೈಗೆ ಅದು 10.8 ಲೀಟರ್. ಪಂಪ್ ಗಾಳಿ ಎಳೆಯೋಕೆ ಶುರು ಮಾಡೋ ಮುನ್ನ ಅದಕ್ಕಿಂತ ಹೆಚ್ಚು ನೀರು ಮೇಲೆ ಕಳಿಸಿಬಿಟ್ಟರೆ ಮಿಕ್ಕಿದ್ದು ನೆಲಕ್ಕೆ. ಪಂಪ್ ಇರೋ ಕೋಣೆ 45×25 ಅಂತಿಟ್ಟುಕೊಂಡ್ರೆ ಪಂಪಿನ ಬಾಯಿಂದ ಮೇಲೆ 9 ಸೆಂ.ಮೀ.ಗಿಂತ ಹೆಚ್ಚು ನೀರು ಅಲ್ಲಿ ನಿಲ್ಲಕೂಡದು. ಆಗ ಯಾವ ಬಾಕ್ಸ್ ಕೈಕೊಟ್ಟರೂ, ಯು ಟ್ಯೂಬ್ ಇರಲಿ ಬಲ್ಕ್‌ಹೆಡ್ ಇರಲಿ, ತೊಟ್ಟಿ ತುಂಬಿ ತುಳುಕೋ ಮುನ್ನ ಪಂಪ್ ಬರಿದಾಗಿ ಕೂಗಾಡುತ್ತೆ. ಪಂಪ್ ಹಾಳಾಗಬಹುದು, ನೆಲ ಒದ್ದೆಯಾಗಲ್ಲ.

ರಿಮ್‌ನ ಎತ್ತರವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಗಾಜು ಮುಗಿದ ಮೇಲೆ ರಿಮ್ ನೀರು ತಡೆಯೋಕೆ ಮಾಡಿದ್ದಲ್ಲ. ಅದರ ಸಂದಿಯಿಂದ ನೀರು ಸದ್ದಿಲ್ಲದೆ ಗಾಜಿನ ಹೊರಮೈಗೆ ಇಳಿಯುತ್ತೆ.

ಸೈಫನ್‌ವೈರಿ

ಇದನ್ನು ಅಚ್ಚು ಹಾಕಿಸಿ ಪ್ರತಿ ಸಂಪ್ ಮೇಲೂ ಅಂಟಿಸಬೇಕು.

ಒಂದೇ ತಕರಾರು. ಕೋಣೆಯಲ್ಲಿ 10 ಲೀಟರ್‌ಗಿಂತ ಕಮ್ಮಿ ನೀರು ಇಟ್ರೆ ಆವಿ ಆಗೋ ನೀರಿನ ಗತಿ? ಸಂಪ್ ಇರೋ ಕಡೆ ಮೇಲಿನ ಮಟ್ಟ ಬದಲಾಗಲ್ಲ, ಕಮ್ಮಿ ಆಗೋದೆಲ್ಲ ಪಂಪ್ ಕೋಣೆಯಲ್ಲೇ ಕಾಣೋದು. ದಿನಕ್ಕೆ 2 ಲೀಟರ್ ಹೋದ್ರೂ ಆ ಕೋಣೆ ಸುಮಾರು 1.8 ಸೆಂ.ಮೀ. ಇಳಿಯುತ್ತೆ. ಒಂದು ವಾರ ಊರಿಗೆ ಹೋದ್ರೆ ಪಂಪ್ ಒಣಗಿರುತ್ತೆ.

ಅಳತೆಪಟ್ಟಿ

ನಿಜ. ಎರಡೂ ಒಟ್ಟಿಗೆ ಸಿಗಲ್ಲ. ತಾನಾಗಿ ನೀರು ತುಂಬೋ ಆಟೋ ಟಾಪ್‌ಆಫ್ ಹಾಕಿದ್ರೆ ಕೋಣೆ ಚಿಕ್ಕದಿದ್ರೂ ನಡೆಯುತ್ತೆ. ಟಾಪ್‌ಆಫ್ ಡ್ರಮ್ಮಿನಲ್ಲಿರೋ ಅಷ್ಟೂ ನೀರು ಒಮ್ಮೆಲೇ ಬಂದ್ರೂ ಸಂಪ್‌ನಲ್ಲಿ ಹಿಡಿಸಬೇಕು ಅನ್ನೋದು ಅದರ ಬಾಲ. ಬೇಡ ಅಂದ್ರೆ ಮೇಲಿನ ತೊಟ್ಟಿಯಲ್ಲಿ ಒಂದು ಫ್ಲೋಟ್ ಸ್ವಿಚ್, ಮಟ್ಟ ಏರಿದ ಕೂಡಲೇ ಪಂಪ್ ನಿಲ್ಲಿಸೋಕೆ. ನಾನು ಅಳತೆಯನ್ನೇ ನಂಬೋನು, ಸ್ವಿಚ್ಚಿಗೆ ಶಂಖುಹುಳ ಹತ್ತಿ ಕೂತ್ರೆ ಮುಗೀತು.

ಕರೆಂಟ್ ಹೋದಾಗಿನದೂ ಹೇಳಿಬಿಡ್ತೀನಿ. ಬಾಚಣಿಗೆ ಮೇಲಿದ್ದ 14 ಮಿ.ಮೀ. ಪೂರ್ತಿ ಕೆಳಗೆ ಬರುತ್ತೆ, 7.5 ಲೀಟರ್. ರಿಟರ್ನ್ ಪೈಪಿನ (ಪಂಪಿನಿಂದ ಮೇಲೆ ತೊಟ್ಟಿಗೆ ಬರೋದು) ಬಾಯಿ ನೀರೊಳಗೆ ಎಷ್ಟು ಆಳ ಇದೆಯೋ ಅಲ್ಲಿತನಕ ಹಿಮ್ಮುಖ ಸೈಫನ್ ಆಗುತ್ತೆ. ಬಾಯಿ ಬಾಚಣಿಗೆಗಿಂತ 1 ಸೆಂ.ಮೀ. ಕೆಳಗಿದ್ರೆ ಇನ್ನೊಂದು 5.4 ಲೀಟರ್. ಪೈಪು, ಡಬ್ಬಿಯಲ್ಲಿ ಇರೋದು ಸೇರಿ 16 ಲೀಟರ್ ಅಂತಿಟ್ಟುಕೊಳ್ಳಿ. ಅಷ್ಟು ಜಾಗ ಸಂಪ್‌ನಲ್ಲಿ ಸದಾ ಖಾಲಿ ಇರಬೇಕು. ಬಾಯಿಯ ಮೇಲೆ ಸೈಫನ್ ಒಡೆಯೋಕೆ ಸಣ್ಣ ತೂತು ಕೊರೆಯೋರು ಉಂಟು, ಅದು ಪಾಚಿಯಲ್ಲಿ ಮುಚ್ಚಿಹೋಗುತ್ತೆ. ಚೆಕ್ ವಾಲ್ವ್ (ನೀರು ಹಿಂದಕ್ಕೆ ಬರದ ಹಾಗೆ ತಡೆಯೋದು) ಒಳಗೆ ಕಸ ಸಿಕ್ಕರೆ ಅದೂ ಮುಚ್ಚಲ್ಲ. ಬಾಯಿಯನ್ನೇ ನೀರಿನ ಮಟ್ಟದ ಹತ್ತಿರ ಇಡೋದು ಉತ್ತಮ.

ಕೆರೆಮೀನು

ರಿಮ್ ಗಾಜಿನ ತುದಿಯಿಂದ 28 ಮಿ.ಮೀ. ಇಳಿದಿದೆ. ಹಾಗಾದ್ರೆ ಬಾಚಣಿಗೆ ತಳ 35ಕ್ಕೆ ಸರಿ.

ಆದ್ರೆ ಕಾಗದದಲ್ಲಿ ಬರೆದು ನೋಡುವಾಗ ಇನ್ನೊಂದು ಸಿಕ್ಕು ಕಂಡಿತು. ರಿಮ್ ಹೊರಗಡೆಗೂ ಗಾಜಿನಿಂದ 4-5 ಮಿ.ಮೀ. ಉಬ್ಬಿದೆ. ಹೊರಗಿನ ಡಬ್ಬಿ ಗಾಜಿಗೆ ಒತ್ತಿ ಕೂರಬೇಕಾದ್ರೆ ಆ ಉಬ್ಬು ಅಡ್ಡ ಬರುತ್ತೆ. ಡಬ್ಬಿಯನ್ನ ಪೂರ್ತಿ ರಿಮ್‌ಗಿಂತ ಕೆಳಗೆ ಇಳಿಸಿಬಿಟ್ರೆ?

ಗಾಜುಗಣ್ಣ

ಇಳಿಸಬೇಡಿ. ಕೊರೆಯುವ ಬಾಕ್ಸ್‌ಗಳಲ್ಲಿ ರಿಮ್ ಒಡ್ಡುವ ನಿಜವಾದ ಬಲೆ ಇದೇ.

ಹೊರಗಿನ ಡಬ್ಬಿಯ ಮೇಲಂಚು ರಿಮ್‌ನ ಕೆಳಗೆ, ಅಂದ್ರೆ ಗಾಜಿನ ತುದಿಯಿಂದ 28 ಮಿ.ಮೀ. ಕೆಳಗೆ ನಿಲ್ತು ಅನ್ನಿ. ಒಳಗೆ ಓಡುವ ನೀರು ಇರೋದು 20ರಲ್ಲಿ. ಎಲ್ಲ ಸರಿಯಿದ್ದಾಗ ಹೊರಗಿನ ಡಬ್ಬಿಯಲ್ಲಿ ನೀರು ಪೈಪಿನ ಮಟ್ಟಕ್ಕೆ ತಗ್ಗಿರೋದ್ರಿಂದ ಏನೂ ಗೊತ್ತಾಗಲ್ಲ. ಪೈಪು ಕಟ್ಟಿದ ಕೂಡಲೇ ಡಬ್ಬಿ ತುಂಬಿ ಒಳಗಿನ ಮಟ್ಟಕ್ಕೆ ಸಮ ಆಗೋಕೆ ನೋಡುತ್ತೆ. ಆದ್ರೆ ಅದರ ಅಂಚೇ ಒಳಗಿನ ಮಟ್ಟಕ್ಕಿಂತ ಕೆಳಗಿದೆ. ತೊಟ್ಟಿಯಲ್ಲಿ 20 ಮಿ.ಮೀ. ಜಾಗ ಉಳಿದಿರುವಾಗಲೇ ಹೊರಗಿನ ಡಬ್ಬಿಯಿಂದ ನೀರು ಚೆಲ್ಲುತ್ತೆ. ಅಳತೆಪಟ್ಟಿಯವರ 10.8 ಲೀಟರ್ ಲೆಕ್ಕ ಪೂರ್ತಿ ನೀರುಪಾಲು. ಹೊರಗಿನ ಡಬ್ಬಿಯ ಅಂಚು ಗಾಜಿನ ತುದಿಗೆ ಸಮ ಅಥವಾ ಮೇಲೆ ಇರಲೇಬೇಕು.

ಆದ್ದರಿಂದ ಡಬ್ಬಿಯನ್ನು ಗಾಜಿನಿಂದ 6 ಮಿ.ಮೀ. ದೂರ ತನ್ನಿ. 6 ಮಿ.ಮೀ. ಅಕ್ರಿಲಿಕ್ ಹಾಳೆಯನ್ನು ರಿಮ್‌ನ ಕೆಳಗಿನ ಭಾಗಕ್ಕಷ್ಟೇ ಬರುವಂತೆ ಕತ್ತರಿಸಿ ಡಬ್ಬಿಯ ಮುಂಬದಿಗೆ ಅಕ್ರಿಲಿಕ್ ಅಂಟಿನಿಂದ ಬೆಸೆದುಬಿಡಿ, ತೂತುಗಳನ್ನು ಸೇರಿಸಿ. ಬೆಸೆಯೋದು ಮುಖ್ಯ. ಸುಮ್ಮನೆ ನಡುವೆ ಇಟ್ಟು ಬಿಗಿದ್ರೆ ನೀರು ಸೋರೋಕೆ ಎರಡು ಸಂದಿ ಆಗ್ತವೆ, ಬೆಸೆದ್ರೆ ಒಂದೇ. ಬಲ್ಕ್‌ಹೆಡ್‌ನ ಎಳೆಗಳು ಈ ಹೆಚ್ಚುವರಿ ದಪ್ಪಕ್ಕೆ ಸಾಕಾಗ್ತವಾ ಅಂತ ಅಳೆದು ನೋಡಿ, ಗಿಡ್ಡ ಕುತ್ತಿಗೆಯವು ಸಾಲಲ್ಲ.

ಮುಚ್ಚಳಪ್ರಿಯ

ನಡುವೆ ಬಾಯಿ ಹಾಕ್ತೀನಿ. ಬಾಕ್ಸನ್ನ ಉದ್ದದ ಸರಿ ಮಧ್ಯಕ್ಕೆ ಇಟ್ರೆ ಎರಡೂ ಕಡೆಯ ನೀರು ಸಮನಾಗಿ ಬರುತ್ತಲ್ವಾ?

ಗಾಜುಗಣ್ಣ

ಮಧ್ಯದಲ್ಲಿ ಅಡ್ಡಪಟ್ಟಿ ಇದೆಯಲ್ಲ. ಅದರ ಕೆಳಗೆ ಬಾಕ್ಸ್ ಸಿಕ್ಕಿಕೊಂಡ್ರೆ ಕೈ ಹಾಕಿ ಬಾಚಣಿಗೆ ತೆಗೆಯೋಕೂ ಆಗಲ್ಲ. ಒಂದು ಪಕ್ಕಕ್ಕೆ ಸರಿಸಿ, ರಿಟರ್ನ್ ಬಾಯಿಯನ್ನು ಎದುರು ಪಕ್ಕಕ್ಕೆ ಇಡಿ. ಮೇಲಿನ ಪೊರೆ ತಾನಾಗಿ ಬಾಕ್ಸ್ ಕಡೆ ತೇಲಿಬರುತ್ತೆ.

ಸರಿ, ಕೊರೆಯೋ ಕೆಲಸ. ಬಲ್ಕ್‌ಹೆಡ್ ಕೈಯಲ್ಲಿ ಇಟ್ಟುಕೊಂಡೇ ಹೋಲ್‌ಸಾ (ದುಂಡಗೆ ತೂತು ಕೊರೆಯೋ ಗರಗಸ) ತನ್ನಿ. ಒಂದಿಂಚಿನ ಬಲ್ಕ್‌ಹೆಡ್‌ಗೆ ಸಾಮಾನ್ಯವಾಗಿ 45 ಮಿ.ಮೀ. ತೂತು ಬೇಕಾಗುತ್ತೆ, ಆದ್ರೆ ಮೆಟ್ರಿಕ್ ಅಳತೆಯವು ಬೇರೆ ಇರ್ತವೆ. ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ಒಂದು ತೂತಿನ ಅಗಲದಷ್ಟು ಗಾಜು ಇರಲಿ. 45ರ ತೂತಾದ್ರೆ ಅದರ ಕೇಂದ್ರ ಗಾಜಿನ ತುದಿಯಿಂದ 68 ಮಿ.ಮೀ.ಗಿಂತ ಕಮ್ಮಿ ಬೇಡ. ಅಳೆಯೋವಾಗ ಗಾಜಿನ ತುದಿಯಿಂದ, ರಿಮ್‌ನ ತುದಿಯಿಂದ ಅಲ್ಲ. ರಿಮ್‌ನೊಳಗೆ ಗಾಜು ಎಲ್ಲಿ ಮುಗಿಯುತ್ತೆ ಅಂತ ಒಳಗಿನ ಅಂಚಿನ ಸಂದಿಯಲ್ಲಿ ತೆಳು ಪಟ್ಟಿ ತೂರಿಸಿ ಗುರುತು ಮಾಡಿಕೊಳ್ಳಿ. ಎರಡು ತೂತುಗಳ ನಡುವೆಯೂ ಅಷ್ಟೇ ಅಂತರ.

ತೊಟ್ಟಿಯನ್ನು ಮುಂದಿನ ಗಾಜಿನ ಮೇಲೆ, ದಪ್ಪ ಫೋಮ್ ಹಾಸಿ ಮಲಗಿಸಿ, ಹಿಂದಿನ ಗಾಜು ಮೇಲೆ ಬರಲಿ. ಒಳಬದಿಗೆ ಅಡ್ಡಡ್ಡ ಟೇಪ್ ಹಚ್ಚಿ, ಕೊನೆಗೆ ಬಿಲ್ಲೆ ಬೀಳುವಾಗ ಅಂಚು ಕಿತ್ತುಬರದ ಹಾಗೆ. ಡೈಮಂಡ್ ಹೋಲ್‌ಸಾಗೆ ನಡುವೆ ಡ್ರಿಲ್ ಬಿಟ್ ಇರಲ್ಲ, ಜಾರುತ್ತೆ. ಮರದ ಹಲಗೆಯಲ್ಲಿ ಅದೇ ಅಳತೆಯ ತೂತು ಮಾಡಿ ಗಾಜಿನ ಮೇಲೆ ಬಿಗಿದು ದಾರಿ ಮಾಡಿಕೊಡಿ. ಸುತ್ತ ಪುಟ್ಟಿಯಿಂದ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ನಿಧಾನದ ವೇಗ. ಡ್ರಿಲ್‌ನ ಭಾರ ಬಿಟ್ಟು ಬೇರೆ ಒತ್ತಡ ಬೇಡ. ಆಗಾಗ ಎತ್ತಿ ಬಿಳಿ ಕೆಸರನ್ನು ತೊಳೆಯಿರಿ. ಕೊನೆಯ ಒಂದು ಮಿಲಿಮೀಟರ್‌ಗೆ ಡ್ರಿಲ್‌ನ ಭಾರವನ್ನೂ ಅರ್ಧ ಕೈಯಲ್ಲಿ ಹಿಡಿದುಕೊಳ್ಳಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು. ಗಾಜಿನ ಪುಡಿ ಒಣಗಿದ ಮೇಲೆ ಹಾರುತ್ತೆ, ಒದ್ದೆ ಇರುವಾಗಲೇ ಒರೆಸಿ.

ತೊಟ್ಟಿಯಲ್ಲಿ ಅರ್ಧ ನೀರು, ಮೀನು ಇರುವಾಗಲೇ ಕೊರೆದೆ ಅನ್ನೋ ವಿಡಿಯೋಗಳನ್ನು ನೋಡಿ ಹುರುಪು ತಂದುಕೊಳ್ಳಬೇಡಿ.

ಹನಿಹನಿ

ನನಗೆ ಇನ್ನೂ ತೂಗುಹಾಕೋದೇ ಇಷ್ಟ. ಆದ್ರೆ ತೊಟ್ಟಿ ಖಾಲಿ ಇದೆ, ಗಾಜು ಸಾದಾ ಇದೆ ಅಂದಾಗ ವಾದ ಮಾಡೋಕೆ ಹೆಚ್ಚು ಉಳಿದಿಲ್ಲ. ಪೈಪು ಎಷ್ಟು ಹಾಕ್ತೀರಿ? ಒಂದೇ ಪೈಪಾದ್ರೆ ಯು ಟ್ಯೂಬನ್ನು ಬೈಯೋ ಹಕ್ಕು ನಿಮಗಿಲ್ಲ.

ಸೈಫನ್‌ವೈರಿ

ಇದು ನ್ಯಾಯವಾದ ಮಾತು. ಒಂದೇ ಪೈಪಿನ ಡರ್ಸೊ ಮಾದರಿ ಸುಲಭ, ಆದ್ರೆ ಕಟ್ಟಿದ್ರೆ ಎರಡನೇ ದಾರಿ ಇಲ್ಲ. ಹರ್ಬಿ ಮಾದರಿಯಲ್ಲಿ ಎರಡು ಪೈಪು. ಒಂದು ಪೂರ್ತಿ ಸೈಫನ್, ಗೇಟ್ ವಾಲ್ವ್‌ನಿಂದ ಹದ ಮಾಡಿದ್ದು, ಇನ್ನೊಂದು ಒಣಗಿ ನಿಂತಿರೋ ಆಪತ್ಕಾಲದ ಪೈಪು. ಬೀನ್ ಅನಿಮಲ್‌ನಲ್ಲಿ ಮೂರು: ಸೈಫನ್, ಅದರ ಪಕ್ಕ ಸ್ವಲ್ಪ ನೀರು ಮಾತ್ರ ಹೊತ್ತೊಯ್ಯೋ ತೆರೆದ ಪೈಪು, ಮೂರನೇದು ಆಪತ್ತಿಗೆ. ಸೈಫನ್‌ಗೆ ಹೋಗಿ ಉಳಿದ ಹೆಚ್ಚು-ಕಮ್ಮಿಯನ್ನು ಎರಡನೇ ಪೈಪು ತಾನೇ ಸರಿದೂಗಿಸೋದ್ರಿಂದ ಪದೇ ಪದೇ ವಾಲ್ವ್ ಮುಟ್ಟಬೇಕಾಗಿಲ್ಲ. ಹೊರಗಿನ ಡಬ್ಬಿ ಅಗಲ ಇದ್ರೆ ಮೂರೇ ಹಾಕಿ.

ಬಾಲ್ ವಾಲ್ವ್ ಬೇಡ. ಕೂದಲೆಳೆಯಷ್ಟು ತಿರುಗಿಸಿದ್ರೆ ಹರಿವು ಅರ್ಧಕ್ಕೆ ಇಳಿಯುತ್ತೆ, ಹದ ಸಿಗಲ್ಲ. ಹಾಂ, ಸೈಫನ್ ಪೈಪಿನ ಕೆಳತುದಿ ಸಂಪ್ ನೀರೊಳಗೆ 2-3 ಸೆಂ.ಮೀ. ಮಾತ್ರ ಮುಳುಗಲಿ. ಆಳಕ್ಕೆ ಇಳಿಸಿದ್ರೆ ಶುರುವಿನಲ್ಲಿ ಪೈಪಿನೊಳಗಿನ ಗಾಳಿ ಹೊರಗೆ ಬರೋಕೆ ಆಗದೆ ಸೈಫನ್ ಹಿಡಿಯೋದೇ ಇಲ್ಲ.

ಕೆರೆಮೀನು

ಕೊರೆದಾಯ್ತು! ಮೂರು ಪೈಪಿಗೆ ಡಬ್ಬಿಯಲ್ಲಿ ಜಾಗ ಇತ್ತು, ಹಾಕಿದೆ. ಗಾಜಿಗೆ ಎರಡು ತೂತು, ಗಾಜುಗಣ್ಣ ಹೇಳಿದ ಅಂತರದಲ್ಲಿ. ರಿಮ್‌ನ ಒಳಗಿನ ಅಂಚನ್ನು ಬಾಕ್ಸ್ ಮೇಲಿರುವಷ್ಟು ಉದ್ದಕ್ಕೆ ಕೆರೆದು ತೆಗೆದೆ, ಬಾಚಣಿಗೆ ಎತ್ತೋಕೆ ಕೈ ಹೋಗಬೇಕಲ್ಲ. ಹೊರಪಟ್ಟಿ ಮುಟ್ಟಿಲ್ಲ.

ನೀರು ತುಂಬಿ ಬಿಟ್ಟಿದ್ದೆ, ಹೊರಗೆ ಒಂದು ಹನಿ ಇಲ್ಲ. ಆದ್ರೆ ಪಂಪ್ ನಿಲ್ಲಿಸಿ ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದ್ರೆ ತೊಟ್ಟಿಯ ಮಟ್ಟ ಬಾಚಣಿಗೆಗಿಂತ ಎರಡು ಬೆರಳು ಕೆಳಗೆ. ಸಂಪ್‌ನಲ್ಲಿ ಅಷ್ಟು ಏರಿದೆ. ಹೊರಗೆ ಸೋರದೆ ಇದು ಹೇಗೆ?

ಗಾಜುಗಣ್ಣ

ಒಳಗಿನ ಗ್ಯಾಸ್ಕೆಟ್. ಗಾಜಿಗೂ ಒಳಗಿನ ಡಬ್ಬಿಗೂ ನಡುವಿನದು. ಅದು ಸರಿ ಕೂತಿಲ್ಲ ಅಂದ್ರೆ ತೊಟ್ಟಿಯ ನೀರು ಬಾಚಣಿಗೆ ಹತ್ತದೆ ಡಬ್ಬಿಯ ಹಿಂದಿನಿಂದ ನುಸುಳಿ ಬಲ್ಕ್‌ಹೆಡ್ ಪಕ್ಕದಲ್ಲಿ ಹೊರಗಿನ ಡಬ್ಬಿಗೆ ಇಳಿಯುತ್ತೆ. ನೆಲಕ್ಕೆ ಬೀಳಲ್ಲ, ಹಾಗಾಗಿ ಹೊರಗಿನಿಂದ ನೋಡೋರಿಗೆ ಎಲ್ಲ ಸರಿಯಾಗೇ ಕಾಣುತ್ತೆ. ಕರೆಂಟ್ ಬಹಳ ಹೊತ್ತು ಹೋದ್ರೆ ಮಾತ್ರ ಮಟ್ಟ ಇಳೀತಾ ಹೋಗುತ್ತೆ, ತೂತಿನ ಎತ್ತರ ಬರೋವರೆಗೂ. ಅಷ್ಟು ನೀರು ನಿಮ್ಮ ಸಂಪ್ ಹಿಡಿಯಲ್ಲ.

ಬಿಚ್ಚಿ, ಗಾಜಿನ ಮೇಲೆ ಕೊರೆದ ಕೆಸರಿನ ಪೊರೆ ಉಳಿದಿದೆಯಾ ನೋಡಿ. ಒರೆಸಿ, ಗ್ಯಾಸ್ಕೆಟ್ ಮಡಿಚಿಕೊಳ್ಳದ ಹಾಗೆ ಇಟ್ಟು, ಕೈಯಲ್ಲಿ ಬಿಗಿಯಾಗೋವರೆಗೆ ತಿರುಗಿಸಿ, ಮೇಲೆ ಕಾಲು ಸುತ್ತು. ಅದಕ್ಕಿಂತ ಬಿಗಿದ್ರೆ ರಬ್ಬರ್ ಪಕ್ಕಕ್ಕೆ ಹಿಸುಕಿ ಹೊರಬರುತ್ತೆ. ಸಿಲಿಕೋನ್ ಹಚ್ಚೋ ಆಸೆ ಬೇಡ, ಅದರ ಮೇಲೆ ಗ್ಯಾಸ್ಕೆಟ್ ಜಾರುತ್ತೆ.

ಕೆರೆಮೀನು

ಅದೇ ಆಗಿತ್ತು, ಗ್ಯಾಸ್ಕೆಟ್‌ನ ಒಂದು ಅಂಚು ಮಡಿಚಿತ್ತು. ಈಗ ರಾತ್ರಿಯಿಡೀ ಬಿಟ್ಟರೂ ಮಟ್ಟ ಬಾಚಣಿಗೆ ತಳದಲ್ಲೇ ನಿಂತಿದೆ.

ಸೈಫನ್ ಪೈಪನ್ನು ಅಂಗೈಯಿಂದ ಮುಚ್ಚಿ ನೋಡಿದೆ. ತೆರೆದ ಪೈಪು ಗಟಗಟ ಸದ್ದು ಮಾಡ್ತಾ ಪೂರ್ತಿ ನೀರು ತಗೊಳ್ತು. ಅದನ್ನೂ ಮುಚ್ಚಿದೆ, ಆಪತ್ಕಾಲದ ಪೈಪು ಶುರುವಾಯ್ತು. ಮೂರನ್ನೂ ಮುಚ್ಚಿದಾಗ ತೊಟ್ಟಿ ನಿಧಾನ ಏರಿತು, ಪಂಪ್ ಗಾಳಿ ಎಳೆದಾಗ ಗಾಜಿನ ತುದಿಗೆ ಇನ್ನೂ 4 ಮಿ.ಮೀ. ಇತ್ತು. ಪಂಪ್ ಕೋಣೆಯಲ್ಲಿ ನೀರು 8.5 ಸೆಂ.ಮೀ. ಇಟ್ಟಿದ್ದೆ.

ಉಳಿದಿರೋದು ಸದ್ದು. ಪ್ರತಿ ಸಲ ಶುರು ಮಾಡಿದಾಗ ಒಂದೆರಡು ನಿಮಿಷ ಗೊರಗೊರ, ಆಮೇಲೆ ಬಾಚಣಿಗೆಯಿಂದ ನೀರು ಬೀಳೋ ಸಣ್ಣ ಸದ್ದು.

ಸೈಫನ್‌ವೈರಿ

ಗೊರಗೊರ ಅಂದ್ರೆ ಪೈಪಿಂದ ಗಾಳಿ ಹೊರಹೋಗ್ತಿದೆ, ಸೈಫನ್ ಹಿಡಿದ ಮೇಲೆ ನಿಲ್ಲುತ್ತೆ, ಚಿಂತೆ ಬೇಡ. ಬೀಳೋ ಸದ್ದಿಗೆ ಗೇಟ್ ವಾಲ್ವ್ ಇನ್ನೂ ಸ್ವಲ್ಪ ಮುಚ್ಚಿ. ಹೊರಗಿನ ಡಬ್ಬಿಯಲ್ಲಿ ನೀರು ಏರಿ ಒಳಗಿನ ಡಬ್ಬಿಯ ಮಟ್ಟವೂ ಏರುತ್ತೆ. ಬೀಳುವ ಎತ್ತರ ಒಂದೆರಡು ಸೆಂ.ಮೀ. ಆದ್ರೆ ಸದ್ದೂ ಹೋಗುತ್ತೆ.

ಮುಚ್ಚಳಪ್ರಿಯ

ಬಾಚಣಿಗೆ ಹಲ್ಲಿನ ನಡುವೆ ಸಣ್ಣ ಮೀನು ಒಳಗೆ ಹೋಗಲ್ವಾ? ನನ್ನ ಹತ್ರ ಮರಿಗಳಿವೆ. ನನ್ನದೂ ರಿಮ್ ತೊಟ್ಟಿ, ಆದ್ರೆ ಪೋಲರೈಸ್ಡ್ ಪರೀಕ್ಷೆಯಲ್ಲಿ ನಾಲ್ಕೂ ಗಾಜಿನಲ್ಲಿ ಪಟ್ಟೆ ಬಂತು.

ಹನಿಹನಿ

ನಾಲ್ಕೂ ಟೆಂಪರ್ಡ್ ಅಂದ್ರೆ ನೀವು ನಮ್ಮ ಪಕ್ಷ, ಬನ್ನಿ. ಯು ಟ್ಯೂಬ್ ಬಾಕ್ಸೇ ಗತಿ. ಪಂಪ್ ಕೋಣೆಯ ಲೆಕ್ಕ ಮಾತ್ರ ಅಳತೆಪಟ್ಟಿಯವರು ಹೇಳಿದ ಹಾಗೇ ಮಾಡಿ, ನಿಮಗೆ ಅದು ಇನ್ನೂ ಹೆಚ್ಚು ಬೇಕು. ಮರಿಗಳಿಗೆ ಹಲ್ಲಿನ ಸಂದಿ 6 ಮಿ.ಮೀ. ಇದ್ರೂ ದೊಡ್ಡದೇ. ಪ್ಲಾಸ್ಟಿಕ್ ಜಾಲರಿ ಕಟ್ಟಿ, ಆದ್ರೆ ಜಾಲರಿ ಕಟ್ಟಿದ ದಿನದಿಂದ ಅದು ದಿನಾ ಕಟ್ಟಿಕೊಳ್ಳುತ್ತೆ. ಬೆಳಿಗ್ಗೆ ಊಟ ಹಾಕೋವಾಗ ಜೊತೆಗೇ ಒಂದು ಸಲ ಉಜ್ಜಿಬಿಡಿ. ಮರಿಗಳು ದೊಡ್ಡದಾದ ಮೇಲೆ ಕಿತ್ತುಹಾಕಿ.

ಮುಚ್ಚಳಪ್ರಿಯ

ಸರಿ. ರಿಮ್‌ನ ಒಳಗಿನ ಅಂಚು ಕೆರೆಯೋಕೆ ಯಾವ ಉಪಕರಣ ಬಳಸಿದ್ರಿ ಕೆರೆಮೀನು?

ಕೆರೆಮೀನು

ಸಣ್ಣ ರೋಟರಿ ಟೂಲ್, ಕತ್ತರಿಸೋ ಚಕ್ರ ಹಾಕಿ. ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳುತ್ತೆ, ನಿಧಾನ ಓಡಿಸಿ. ಮೂಲೆಯಿಂದ ದೂರ ನಿಲ್ಲಿಸಿದೆ, ಚಕ್ರ ಸಿಲಿಕೋನ್‌ಗೆ ತಾಗಬಾರದು. ಗಾಜಿನ ಪಕ್ಕದ ಕೊನೆಯ ಎರಡು ಮಿಲಿಮೀಟರ್ ಚಾಕುವಿನಲ್ಲಿ ಕೆರೆದೆ.